ಫೋಟೋದಾಗಿನ ಕೋಟು

ಹೋದ ವಾರ ಹಳೇ ಟ್ರಂಕು ಬಿಸಲಿಗೆ ಇಡಬೇಕಾದ್ರ ತಳದಾಗ ನಮ್ಮ ದೊಡ್ಡ ಮೌಶಿ ಗಂಡನ ಫೋಟೋ ಸಿಕ್ತು. ಕರೀ ಕೋಟು, ಟಾಯ್, ಕೈಗೆ ಗಡಿಯಾರ, ಬಾಜೂಕ ಒಂದು ಕಂಬ, ಕಂಬದ ಮ್ಯಾಲೆ ಹೂದಾನಿ. ಈ ಒಂದು ಫೋಟೋ ನೋಡಿನ ಮೌಶಿನ್ನ ಮುಂಬೈಕ್ಕ ಕೊಟ್ಟಿದ್ರು. ಕೋಟು ಸ್ಟುಡಿಯೋದ್ದು, ಗಡಿಯಾರ ಗೆಳ್ಯಾಂದು, ಕಂಬ ರಟ್ಟಿಂದು ಅಂತ ಆಕಿಗೆ ಗೊತ್ತಾಗೋದ್ರಾಗ ಚಾಳಿನ ಒಂದ ಖೋಲ್ಯಾಗ ಸಂಸಾರ ಸುರು ಆಗಿಬಿಟ್ಟಿತ್ತು. ನಾವು ಸಣ್ಣವರಿದ್ದಾಗ ಮೌಶಿ ಇದನ್ನ ನಕ್ಕೋತನ ಹೇಳತಿದ್ಲು. ನಗೂದು ಮುಗದ ಮ್ಯಾಲೆ ಒಂದು ಗಳಿಗಿ ಸುಮ್ಮನ ಕೂಡತಿದ್ಲಲ್ಲ, ಅದು ನನಗ ಆವಾಗ ತಿಳೀತಿದ್ದಿಲ್ಲ.

ಆ ಫೋಟೋ ಕೈಯಾಗ ಹಿಡಕೊಂಡು ಕೂತಾಗ ನನಗ ನೆನಪಾದವರು ಹವಾಯಿ ದ್ವೀಪಕ್ಕ ಹೋದ ಜಪಾನಿ ಹೆಣ್ಣಮಕ್ಕಳು. ಎಲ್ಲಿ ಮೌಶಿ, ಎಲ್ಲಿ ಹವಾಯಿ ಅಂತ ನಗಬ್ಯಾಡ್ರಿ. ಸುಮಾರು ನೂರು ವರ್ಷದ ಹಿಂದ ಜಪಾನ್ ಮತ್ತ ಓಕಿನಾವಾದಿಂದ 20,000ಕ್ಕೂ ಹೆಚ್ಚು ಹುಡಿಗ್ಯಾರು ಹಿಂಗ ಒಂದೊಂದು ಫೋಟೋ ಸೊಂಟದ ಪಟ್ಟ್ಯಾಗ ಸಿಗಿಸಿಕೊಂಡು, ಗಂಡನ ಮಾರಿ ನೋಡಲಾರದ ಹಡಗ ಹತ್ತಿದ್ರು. 'ಪಿಕ್ಚರ್ ಬ್ರೈಡ್' ಅಂತ ಅವರಿಗೆ ಹೆಸರು. ನಮ್ಮ ಮಾತಿನಾಗ ಫೋಟೋ ಮದುಮಗಳು ಅನ್ನೂಣ.

ಇವರ ಕಥಿ ನನಗ ಹತ್ರ ಮಾಡಿದ್ದು ಬಾರ್ಬರಾ ಕವಾಕಾಮಿ ಅನ್ನೋ ಹೆಣ್ಣಮಗಳು. ಈಕಿ 1921ರಾಗ ಜಪಾನಿನ್ಯಾಗ ಹುಟ್ಟಿ, ಕೂಸಿದ್ದಾಗನ ಹವಾಯಿಗೆ ಬಂದಾಕಿ. ಒಆಹು ದ್ವೀಪದಾಗಿನ ವೈಪಾಹು ಅನ್ನೋ ಕಬ್ಬಿನ ಊರಾಗ ಬೆಳದು, ವರ್ಷಗಟ್ಟಲೆ ಹೊಲಿಗಿ ಕೆಲಸ ಮಾಡಿದ್ಲು. ಐವತ್ತು ದಾಟಿದ ಮ್ಯಾಲೆ ಕಾಲೇಜು ಮೆಟ್ಟಲಾ ಹತ್ತಿದ್ಲು! ಮುದುಕ್ಯಾರ ಮನಿಮನಿಗೆ ಹೋಗಿ, ಹೊಲಕ್ಕ ಹೋಗಬೇಕಾದ್ರ ಏನು ಹಾಕ್ಕೋತಿದ್ರು, ಅದನ್ನ ಹೊಲದವರ್ಯಾರು, ಒಗದವರ್ಯಾರು ಅಂತ ಕೇಳಿ ಬರಕೊಂಡ್ಲು. ಜಪಾನಿಯರು ಹವಾಯಿನ್ಯಾಗ ತೊಟ್ಟ ಬಟ್ಟಿ ಬಗ್ಗೆ ಆಕಿ ಬರದ ಪುಸ್ತಕ 1993ರಾಗ ಬಂತು. ಕೋಟಿ, ಯುದ್ಧ, ರಾಜರು ಅಂತ ಇತಿಹಾಸ ಬರಿಯೋ ಮಂದಿಗೆ ಅರಿವಿ ಒಗಿಯೋ ಕಲ್ಲು ಕಾಣಸೂದಿಲ್ಲ. ಹೊಲಿಗಿ ಮಾಡೋಳ ಕಣ್ಣಿಗೆ ಅದ ಮೊದಲ ಕಂಡಿತು.

ಮೊದಲ ಗಂಡಸರ ಕಥಿ ಹೇಳಿಬಿಡ್ತೇನಿ, ಅದು ಇಲ್ಲಾಂದ್ರ ಹೆಂಗಸರದ್ದು ತಿಳಿಯೂದಿಲ್ಲ. ಜಪಾನಿನ ಸರಕಾರ ಭೂಮಿ ಕಂದಾಯ ರೊಕ್ಕದಾಗನ ಕಟ್ಟಬೇಕು ಅಂತ ಮಾಡಿದ ಮ್ಯಾಲೆ, 1880ರ ನಂತರ ಅಕ್ಕಿ ರೇಟು ಬಿದ್ದು ಸಣ್ಣ ರೈತರು ಸಾಲದಾಗ ಮುಳಗಿ ಹೊಲ ಕಳಕೊಂಡ್ರು. ಆಕಡೆ ಹವಾಯಿನ್ಯಾಗ ಸಕ್ಕರಿ ಮಾಲಕರಿಗೆ ಆಳು ಬೇಕಾಗಿತ್ತು. ಎರಡೂ ಸರಕಾರ ಮಾತಾಡಿಕೊಂಡು 1885ರ ಫೆಬ್ರವರಿಯೊಳಗ ಮೊದಲನೇ ಹಡಗ ಹೊನೊಲುಲುಕ್ಕ ಬಂತು. 600 ಜಾಗಕ್ಕ 28,000 ಅರ್ಜಿ ಬಂದಿದ್ದುವಂತ. ಈಗಿನ ಸರಕಾರಿ ನೌಕರಿ ಅರ್ಜಿ ನೆನಸ್ಕೋರಿ.

ಮೂರು ವರ್ಷದ ಕರಾರು. ಗಂಡಾಳಿಗೆ ತಿಂಗಳಿಗೆ 9 ಡಾಲರ್ ಪಗಾರ, ಊಟಕ್ಕ 6 ಡಾಲರ್. ಹೆಣ್ಣಾಳಿಗೆ 6 ಮತ್ತ 4. ತಿಂಗಳಿಗೆ 26 ದಿವಸ, ಹೊಲದಾಗ ದಿನಕ್ಕ 10 ತಾಸು ದುಡತ. ಮೂರು ವರ್ಷಕ್ಕ 400 ಯೆನ್ ಉಳಸಬಹುದು, ಊರಾಗ ಅಷ್ಟು ಗಳಿಸಬೇಕಂದ್ರ ಹತ್ತು ವರ್ಷ ಬೇಕು ಅಂತ ಲೆಕ್ಕ. ದುಡದು, ಜರತಾರಿ ಅರಿವಿ ಉಟಗೊಂಡು ಊರಿಗೆ ತಿರಗಿ ಬರೂದು ಅಂತ ಅವರಲ್ಲೆ ಒಂದು ಮಾತ ಇತ್ತು. ಥೇಟ್ ನಮ್ಮ ಕಡೆ ಮುಂಬೈಗೆ ಹೋದ ಹುಡುಗ ಹಬ್ಬಕ್ಕ ಹೊಸಾ ಪ್ಯಾಂಟ್ ಹಾಕ್ಕೊಂಡು ಬಂದಂಗ.

ಆದ್ರ ಮೂರು ವರ್ಷದ ಲೆಕ್ಕ ಬರಿಯೋವಾಗ ಯಾರೂ ಕಂಪನಿ ಅಂಗಡಿ ಉದ್ರಿ ಬರದಿದ್ದಿಲ್ಲ, ಜಡ್ಡು ಬಂದ ದಿವಸದ ಪಗಾರ ಕಳದಿದ್ದಿಲ್ಲ. ಕರಾರು ಮುರದು ಓಡಿದ್ರ ಪೋಲೀಸರು ಹಿಡದು ತರತಿದ್ರು. 1900ರಾಗ ಅಮೆರಿಕಾದ ಕಾಯ್ದೆ ಬರೋತನಕ ಇದ ನಡೀತು. ಎಷ್ಟೋ ಮಂದಿ ಊರಿಗೆ ವಾಪಸ್ ಹೋದ್ರು, ಕೆಲವರು ಕ್ಯಾಲಿಫೋರ್ನಿಯಾಕ್ಕ ದಾಟಿದ್ರು. ಉಳದವರಿಗೆ ಮೂರು ವರ್ಷ ಹೋಗಿ ಹತ್ತಾತು, ಹದಿನೈದಾತು. ಬರಿಗೈಲೆ ಊರಿಗೆ ಹೋಗಲಿಕ್ಕೆ ನಾಚಿಕಿ. ತಲಿ ಬ್ಯಾರೆ ಬೆಳ್ಳಗಾಗಲಿಕ್ಕೆ ಹತ್ತಿತ್ತು.

1907-08ರಾಗ ಅಮೆರಿಕಾ ಮತ್ತ ಜಪಾನಿನ ನಡುವ ಒಂದು ಒಪ್ಪಂದ ಆತು. ಇನ್ನ ಮ್ಯಾಲೆ ಕೂಲಿಯವರಿಗೆ ಪಾಸ್‌ಪೋರ್ಟ್ ಇಲ್ಲ, ಆದ್ರ ಮೊದಲ ಹೋದವರ ಹೆಂಡ್ತಿ, ಮಕ್ಕಳು, ತಾಯಿ-ತಂದಿ ಹೋಗಬಹುದು. ಹೆಂಡ್ತಿ ಅಂದ್ರ ಬಾಗಲಾ ತಗದಿತ್ತು. ಲಗ್ನ ಮಾಡಿಕೊಳ್ಳಲಿಕ್ಕೆ ಊರಿಗೆ ಹೋಗಿಬರಲಿಕ್ಕೆ ರೊಕ್ಕ ಇಲ್ಲ. ಅದಕ್ಕ ಊರಾಗಿನ ಹಿರ್ಯಾರಿಗೆ ಕಾಗದ ಬರದು, ಜೋಡಿ ಒಂದು ಫೋಟೋ ಇಟ್ಟು ಕಳಸ್ತಿದ್ರು. ಮಧ್ಯಸ್ಥಿಕಿ ಮಾಡೋರು ಮನಿತನ ನೋಡಿ, ಜಡ್ಡು-ಜಾಪತ್ರಿ ಕೇಳಿ, ಹುಡಿಗಿ ಫೋಟೋ ತಿರಗಿ ಕಳಸ್ತಿದ್ರು. ಒಪ್ಪಿಗಿ ಆದ್ರ ಹುಡಿಗಿ ಹೆಸರು ಗಂಡನ ಮನಿತನದ ದಾಖಲೆಯೊಳಗ ಏರಿಸೋದು. ಅಲ್ಲಿಗೆ ಲಗ್ನ ಮುಗೀತು. ಎಷ್ಟೋ ಕಡೆ ಮದುಮಗ ಇಲ್ಲದನ ಊಟ ಹಾಕಿದ್ರು. ಆಮ್ಯಾಲೆ ಪಾಸ್‌ಪೋರ್ಟ್ ಬರೋತನಕ ತಿಂಗಳಾನುಗಟ್ಟಲೆ ಅತ್ತಿ ಮನ್ಯಾಗ ಸೊಸಿ ಆಗಿ ದುಡೀಬೇಕು.

ಈಗ ಫೋಟೋದ ವಿಷಯಕ್ಕ ಬರೂಣ. ನಲವತ್ತಕ್ಕ ಬಂದವ ಇಪ್ಪತ್ತೈದರ ಫೋಟೋ ಕಳಸ್ತಿದ್ದ. ಕೋಟು ಇಲ್ಲದವ ಮಂದಿ ಕೋಟು ಹಾಕ್ಕೋತಿದ್ದ. ಮಾಲಕನ ಮನಿ ಮುಂದನೋ, ಯಾರದೋ ಮೋಟಾರು ಗಾಡಿ ಬಾಜೂಕನೋ ನಿಂತು ಫೋಟೋ ತಗಸ್ಕೋತಿದ್ದ. ಗಾಡಿ ತಂದು ಅಂತ ಕಾಗದದಾಗ ಬರೀತಿದ್ದಿಲ್ಲ, ಬರಿಯೋ ಜರೂರೂ ಇದ್ದಿಲ್ಲ. (ಈಗ ನಮ್ಮ ಹುಡುಗ್ರು ವಿಡಿಯೋ ಕಾಲ್ ಮಾಡತಾರ, ಹಿಂದಿನ ಗ್ವಾಡಿ, ಪುಸ್ತಕದ ಕಪಾಟ ಎಲ್ಲಾ ಕಂಪ್ಯೂಟರಿಂದು. ನೂರು ವರ್ಷದಾಗ ಕಂಬ ಅಷ್ಟ ಬದಲಾಗ್ಯದ.)

ಹುಡಿಗ್ಯಾರು ಹೂಂ ಅಂದದ್ದು ಯಾಕ? ಬಡತನ ಅಂತ ಒಂದ ಮಾತಿನಾಗ ಮುಗಸೋದು ನನಗ ಸೇರೂದಿಲ್ಲ. ಬಡತನ ಇತ್ತು, ಖರೆ. ತಂದಿ ಮಾತು ಮೀರೋ ಹಂಗಿದ್ದಿಲ್ಲ, ಅದೂ ಖರೆ. ಆದ್ರ ಅವರೊಳಗ ಭಾಳ ಮಂದಿ ನಾಕಕ್ಷರ ಕಲಿತವರು, ಕಾಗದ ತಾವ ಓದವರು. ದುಡದು ತವರುಮನಿಗೆ ಕಳಸಬಹುದು ಅಂದ್ಕೊಂಡಿದ್ರು. ಹೊಸಾ ದೇಶ ನೋಡೂಣ ಅಂತಿತ್ತು. ಮತ್ತ ಒಂದು ಕಾರಣ ಕೇಳ್ರಿ, ನೀವೂ ನಗತೀರಿ: ಅತ್ತಿ ಕಾಟ ಇರೂದಿಲ್ಲ! ಸಮುದ್ರದ ಆಚಿ ದಂಡಿಗೆ ಅತ್ತಿ ಬರೂದಿಲ್ಲಲ್ಲ. ನಮ್ಮ ಮೌಶಿನೂ ಮುಂಬೈ ಅಂದಕೂಡಲೆ ಮೊದಲ ಕೇಳಿದ್ದು, ಅತ್ತಿ ಊರಾಗ ಇರತಾರೋ ಅಲ್ಲೇ ಇರತಾರೋ ಅಂತನ.

ಹಡಗಿನ ತಳದ ಮಾಳಿಗ್ಯಾಗ, ವಾಂತಿ ವಾಸನಿಯೊಳಗ ದಿವಸಗಟ್ಟಲೆ ಕೂತು ಹೊನೊಲುಲು ಮುಟ್ಟಿದ ಮ್ಯಾಲೆ ತಪಾಸಣಿ. ಕಣ್ಣಿನ ರೆಪ್ಪಿ ತಿರಿವಿ ಟ್ರಕೋಮಾ ಅದ ಏನು, ಹೊಟ್ಟ್ಯಾಗ ಕೊಕ್ಕಿಹುಳ ಅದ ಏನು ಅಂತ ನೋಡೋದು. ಹುಳ ಸಿಕ್ಕರ ಔಷಧ ಕುಡದು ಅಲ್ಲೇ ತಡೀಬೇಕು. ಇಷ್ಟೆಲ್ಲ ಮುಗದ ಮ್ಯಾಲೆ ಗಂಡನ್ನ ಹುಡುಕೋ ಕೆಲಸ. ಹೊರಗ ಸಾಲಾಗಿ ಗಂಡಸರು, ಅವರ ಕೈಯಾಗೂ ಫೋಟೋ. ಒಳಗ ಸಾಲಾಗಿ ಹೆಂಗಸರು, ಇವರ ಕೈಯಾಗೂ ಫೋಟೋ. ಕೆಲವರಿಗೆ ಫೋಟೋದಾಗಿನ ಹುಡುಗನ ಸಿಕ್ಕ, ಆಕಿ ಪುಣ್ಯಾ. ಕೆಲವರ ಎದುರಿಗೆ ಫೋಟೋದಾಗಿನ ಹುಡುಗನ ತಂದಿ ಆಗೋ ವಯಸ್ಸಿನ ಮನಷ್ಯಾ ಬಂದು ನಿಂತಾಗ ಅಲ್ಲೇ ಕುಸದು ಅತ್ತವರಿದ್ರು, ಮೊದಲನೇ ಹಡಗಕ್ಕ ವಾಪಸ್ ಕಳಸ್ರಿ ಅಂದವರಿದ್ರು. ಖರೇನ ತಿರಗಿ ಹೋದವರು ತೀರಾ ಕಡಿಮಿ. ಟಿಕೇಟಿನ ರೊಕ್ಕ ಎಲ್ಲಿಂದ ತರಬೇಕು? ತಿರಗಿ ಹೋದ್ರ ಊರಾಗ ಮಾರಿ ಹೆಂಗ ತೋರಸಬೇಕು? ದಾಖಲೆಯೊಳಗ ಲಗ್ನ ಆಗಿಹೋಗಿತ್ತು. ಮೊದಮೊದಲ ಅಮೆರಿಕಾದ ಅಧಿಕಾರಿಗಳು ಫೋಟೋ ಲಗ್ನ ಒಪ್ಪತಿದ್ದಿಲ್ಲ, ಬಂದರದಾಗನ ಹತ್ತಾರು ಜೋಡಿ ನಿಲ್ಲಿಸಿ ಮತ್ತೊಮ್ಮೆ ಲಗ್ನ ಮಾಡಸ್ತಿದ್ರು. ಬೆದರಿದ ಹುಡಿಗಿ ಅಳೂದು ನಿಲ್ಲೋದ್ರಾಗ ಅದೂ ಮುಗೀತಿತ್ತು.

ಊರಿಗೆ ಬಂದಾಕಿ ನೀರಿಗೆ ಬರಲಾರದ ಇರತಾಳೇನು ಅಂತಾರಲ್ಲ, ಹವಾಯಿಗೆ ಬಂದಾಕಿ ಕಬ್ಬಿಗೆ ಬರಲೇಬೇಕು. ನಾನು ಅಥಣಿ ಕಡೆ ಹುಟ್ಟಿದಾಕಿ, ಕಬ್ಬಿನ ರವದಿ ಅಂದ್ರೇನು ಅಂತ ನನಗ ಯಾರೂ ಹೇಳಬೇಕಾಗಿಲ್ಲ. ಗರಗಸದ ಹಲ್ಲು ಅದಕ್ಕ. ಕೈ ಒಂದ ಸಲಾ ಸವರಿದ್ರ ಸಣ್ಣಗ ರಕ್ತ, ಬೆವರು ಬಿದ್ದ ಮ್ಯಾಲೆ ಉರಿ. ಈ ಒಣರವದಿ ಸುಲಿಯೋ ಕೆಲಸಕ್ಕ ಹವಾಯಿನ್ಯಾಗ 'ಹೋಲೆ ಹೋಲೆ' ಅಂತಾರ, ಅದು ಹೆಂಗಸರ ಪಾಲಿಗೆ ಬಂತು. ಆ ಕೆಲಸದಾಗ ಹುಟ್ಟಿದ ಹಾಡಿಗೂ ಅದ ಹೆಸರು. ನಮ್ಮ ಬೀಸೋಕಲ್ಲಿನ ಪದದಂಗ, ಮಂದಿ ಎದುರಿಗೆ ಹೇಳಲಾರದ್ದೆಲ್ಲ ಅದರಾಗ ಹೇಳಿಕೋತಿದ್ರು.

ಅದಕ್ಕ ಅವರು ಮಾಡಿಕೊಂಡ ಬಟ್ಟಿ ನೋಡ್ರಿ. ತವರಿನಿಂದ ಬುಟ್ಟಿ ತುಂಬ ತಂದ ಕಿಮೋನೊ ಬಿಚ್ಚಿ, ಗಟ್ಟಿ ನೀಲಿ ಹತ್ತಿ ಅರಿವಿದು ಮೋಟು ಅಂಗಿ ಮಾಡಿದ್ರು. ಕೈಗೆ ಮುಂಗೈತನಕ ಚೀಲ, ಕಾಲಿಗೆ ಪಟ್ಟಿ, ತಲಿಗೆ ವಸ್ತ್ರ, ಅದರ ಮ್ಯಾಲೆ ಹುಲ್ಲಿನ ಟೊಪ್ಪಿಗಿ. ಬಿಸಲಾಗ ಬೇಯತಿದ್ರು, ಆದ್ರ ರವದಿ, ಕಣಜೀರಗಿ ಹುಳ, ಶತಪದಿಯಿಂದ ಬಚಾವು. ಅಕ್ಕಿ ಚೀಲ, ಹಿಟ್ಟಿನ ಚೀಲ ಒಗದು ಒಳ ಅರಿವಿ ಹೊಲೀತಿದ್ರು, ಒಂದು ಚಿಂದಿ ಒಗೀತಿದ್ದಿಲ್ಲ. ನಮ್ಮ ಕೌದಿ ನೆನಪಾಗತದ. ಓಕಿನಾವಾದಿಂದ ಬಂದ ಕೆಲವರ ಕೈ ಮ್ಯಾಲೆ ನಮ್ಮ ಅಜ್ಜಿಗೋಳ ಕೈಯಾಗ ಇದ್ದಂಗ ಹಚ್ಚಿ ಇರತಿತ್ತು. ಊರಾಗ ಅದು ಮುತ್ತೈದಿತನದ ಗುರತು. ಇಲ್ಲೆ ಬ್ಯಾರೆ ಜಪಾನಿ ಮಂದಿ ಅದನ್ನ ನೋಡಿ ನಗತಿದ್ರು, ಪಾಪ ಕೈ ಮುಚಗೋತಿದ್ರು. ಕೂಲಿ ಮಾಡೋದ್ರಾಗೂ ಮ್ಯಾಲಿನವರು ಕೆಳಗಿನವರು!

ಕುತಗಿಗೆ ಒಂದು ಲೋಹದ ಬಿಲ್ಲಿ, ಅದರ ಮ್ಯಾಲೆ ನಂಬರು. 'ಬಾಂಗೊ' ಅಂತಿದ್ರು. ಪಗಾರಕ್ಕೂ ಅದ, ಅಂಗಡಿ ಉದ್ರಿಗೂ ಅದ. ಕುದುರಿ ಮ್ಯಾಲೆ ಕೂತ ಮುಕಾದಮ ಹೆಸರು ಹಿಡದು ಕರೀತಿದ್ದಿಲ್ಲ, ನಂಬರಿಲೆ ಕರೀತಿದ್ದ. 1915ರಾಗ ಗಂಡಾಳಿಗೆ ದಿನಕ್ಕ ಸರಾಸರಿ 78 ಸೆಂಟ್ ಇದ್ರ ಹೆಣ್ಣಾಳಿಗೆ 55. ಕೂಸು ಇದ್ದಾಕಿ ಬೆನ್ನಿಗೆ ಕಟಗೊಂಡು ಹೋಗಿ, ಕಬ್ಬಿನ ಬದುವಿನ ಮ್ಯಾಲೆ ಮಲಗಿಸಿ ಕೆಲಸ ಮಾಡತಿದ್ಲು.

ಇನ್ನ ನಾನು ಹೇಳಬೇಕಂತ ಕೂತ ಮಾತು. ಆ ಕಾಲದ ಪಗಾರದ ಪಟ್ಟಿ ನೋಡಿದವರಿಗೆ ಗಂಡಾಳಿನ 78 ಕಾಣಸ್ತದ, ಹೆಣ್ಣಾಳಿನ 55 ಕಾಣಸ್ತದ. ಅದರ ಹೊರಗಿಂದು ಕಾಣಸೂದಿಲ್ಲ. ಕ್ಯಾಂಪಿನ್ಯಾಗ ಲಗ್ನ ಆಗದ ಗಂಡಸರು ಭಾಳ ಇದ್ರಲ್ಲ, ಅವರ ಅರಿವಿ ಒಗಿಯೋರು ಯಾರು, ಬುತ್ತಿ ಕಟ್ಟೋರು ಯಾರು? ಈ ಹುಡಿಗ್ಯಾರು. ಹೊಲದಿಂದ ಬಂದ ಮ್ಯಾಲೆ ದೊಡ್ಡ ಡಬ್ಬಿಯೊಳಗ ಸಬಕಾರ ಹಾಕಿ, ಕಟಗಿ ಉರಿ ಮ್ಯಾಲೆ ಅರಿವಿ ಕುದಿಸಿ, ಕಟಗಿಲೆ ಬಡದು, ಇಸ್ತ್ರಿ ಮಾಡಿ, ಹರದದ್ದು ಹೊಲದು ಕೊಡತಿದ್ರು. ಅಲ್ಲಿ ಮಣ್ಣು ಕೆಂಪಂದ್ರ ಕೆಂಪು. ಕೆಮ್ಮಣ್ಣು ಹತ್ತಿದ ಅರಿವಿ ಒಗದವರಿಗೇ ಗೊತ್ತು ಅದರ ಸುಖ. ಇನ್ನ ಕೆಲವರು ಬೆಳಿಗ್ಗೆ ಮೂರಕ್ಕ ಎದ್ದು ಹತ್ತಾರು ಗಂಡಸರಿಗೆ ಬುತ್ತಿ ಕಟ್ಟಿ, ತಾವೂ ಹೊಲಕ್ಕ ಹೋಗತಿದ್ರು. ಸಂಜಿಕೆ ಸ್ನಾನದ ಮನ್ಯಾಗ ನೀರು ಕಾಸೋದೂ ಅವರನ. ತವರಿಗೆ ಹೋದ ಮನಿಆರ್ಡರು, ಮಕ್ಕಳ ಸಾಲಿ, ಮುಂದ ಕ್ಯಾಂಪು ಬಿಟ್ಟು ಊರಾಗ ಹಾಕಿದ ಸಣ್ಣ ಅಂಗಡಿ, ಭಾಳಷ್ಟು ಈ ಸಬಕಾರದ ರೊಕ್ಕದಾಗ ಆದದ್ದು. ಮೂರು ವರ್ಷದ ಲೆಕ್ಕ ತಪ್ಪಿತ್ತಲ್ಲ, ಅದನ್ನ ರಾತ್ರಿ ಕೂತು ಸರಿ ಮಾಡಿದವರು ಇವರು.

ಹಂಗಂತ ಗಂಡಸರನ್ನ ಬರೇ ಮೋಸಗಾರರು ಅನ್ನಲಿಕ್ಕೂ ನನಗ ಮನಸ್ಸು ಒಪ್ಪೂದಿಲ್ಲ. ಅವರಿಗೂ ಯಾರೋ ಒಬ್ಬರು ಒಂದು ಫೋಟೋ ತೋರಿಸಿದ್ರು, ಕಾಗದದ ಮ್ಯಾಲೆ ಅಲ್ಲ, ಬಾಯಿಲೆ. ಆದ್ರ ತಾನು ಮೋಸಹೋದವ ಮತ್ತೊಬ್ಬರಿಗೆ ಮೋಸ ಮಾಡಬೇಕಂತ ಏನಿಲ್ಲ. ಕುಡದು ಬಡಿಯೋ, ಜೂಜಾಡೋ ಗಂಡನ್ನ ಕಟಗೊಂಡವರ ಹಾಡು ಬ್ಯಾರೆ. ಕೆಲವರು ಓಡಿಹೋದ್ರು. ಓಡಿಹೋದ ಹೆಂಡ್ತಿನ್ನ ಹುಡಕಿ ಕೊಟ್ಟವರಿಗೆ ಬಹುಮಾನ ಅಂತ ಜಪಾನಿ ಪತ್ರಿಕೆಯೊಳಗ ಜಾಹೀರಾತು ಹಾಕಸ್ತಿದ್ರು, ಕಳದ ಎಮ್ಮಿ ಹುಡಕಿದಂಗ.

1909ರಾಗ ಸುಮಾರು 7,000 ಜಪಾನಿ ಕೂಲಿಯವರು ಮುಷ್ಕರ ಮಾಡಿದ್ರು. ಒಂದ ಕೆಲಸಕ್ಕ ಪೋರ್ಚುಗೀಸರಿಗೆ ತಿಂಗಳಿಗೆ 22 ಡಾಲರ್ 50 ಸೆಂಟ್, ಇವರಿಗೆ 18 ಡಾಲರ್, ಯಾಕ ಅಂತ ಅವರ ಪ್ರಶ್ನಿ. 1920ರಾಗ ಒಆಹು ದ್ವೀಪದಾಗ ಫಿಲಿಪಿನೋ ಕೂಲಿಯವರೂ ಜಪಾನಿಯವರೂ ಕೂಡೇ ಕೆಲಸ ನಿಲ್ಲಿಸಿದ್ರು. ದಿನದ ಪಗಾರ 77 ಸೆಂಟ್ ಇದ್ದದ್ದು 1 ಡಾಲರ್ 25 ಸೆಂಟ್ ಆಗಬೇಕು ಅಂತ ಕೇಳಿದ್ರು. ಅದರ ಜೋಡಿ ಬಾಣಂತ್ಯಾರಿಗೆ ಪಗಾರಿ ರಜಾ ಬೇಕು ಅಂತನೂ ಕೇಳಿದ್ರು. 1920ರಾಗ! ಬದುವಿನ ಮ್ಯಾಲೆ ಕೂಸು ಮಲಗಿಸಿದವರಿಗೆ ಬಿಟ್ರ ಇದು ಯಾರಿಗೆ ಹೊಳೀತಿತ್ತು? ಮಾಲಕರು 12,000 ಮಂದಿನ್ನ ಕ್ಯಾಂಪಿನ ಮನಿಯಿಂದ ಹೊರಗ ಹಾಕಿದ್ರು. ಆವಾಗ ಇನ್‌ಫ್ಲುಯೆಂಜಾ ಬ್ಯಾರೆ ಹಬ್ಬಿತ್ತು. ಕೂಸು-ಕುನ್ನಿ ಕಟಗೊಂಡು ಗುಡಿಯೊಳಗ, ಡೇರೆಯೊಳಗ ಮಲಗಿದ್ರು, ಎಷ್ಟೋ ಮಂದಿ ಸತ್ರು. ಜುಲೈಕ್ಕ ಸೋತು ಕೆಲಸಕ್ಕ ತಿರಗಿ ಹೋದ್ರು. ಕೆಲವು ತಿಂಗಳಾದ ಮ್ಯಾಲೆ ಮಾಲಕರು ತಾವಾಗಿನ ಪಗಾರ ಏರಿಸಿದ್ರು, ನೀವು ಗೆದ್ರಿ ಅಂತ ಮಾತ್ರ ಅನ್ನಲಿಲ್ಲ.

1924ರಾಗ ಅಮೆರಿಕಾದ ಹೊಸಾ ಕಾಯ್ದೆ ಬಂದು ಜಪಾನಿಯವರು ಬರೋ ಬಾಗಲಾ ಪೂರ್ತಿ ಮುಚ್ಚಿತು. ಬಂದವರೂ ಅಲ್ಲಿಯವರಾಗೋ ಹಂಗಿದ್ದಿಲ್ಲ. ಹೊನೊಲುಲುದಾಗ ಇದ್ದ ತಕಾವೊ ಒಜಾವಾ ಅನ್ನೋರು ನನಗ ನಾಗರಿಕತ್ವ ಕೊಡ್ರಿ ಅಂತ ಅಮೆರಿಕಾದ ಸುಪ್ರೀಂ ಕೋರ್ಟಿನತನಕ ಹೋದ್ರು. 1922ರಾಗ ಕೋರ್ಟು, ನೀವು ಬಿಳಿಯರಲ್ಲ, ಆಗೂದಿಲ್ಲ ಅಂತು. 1952ರತನಕ ಹಂಗ ಇತ್ತು. ಅಂದ್ರ ಇಪ್ಪತ್ತರ ಹರೇದಾಗ ಬಂದ ಹುಡಿಗಿ ಅರವತ್ತರ ಮುದುಕಿ ಆಗೋತನಕ, ತನ್ನ ಹೊಟ್ಟ್ಯಾಗ ಹುಟ್ಟಿದ ಮಕ್ಕಳು ಅಮೆರಿಕಾದ ಪ್ರಜೆಗಳು, ತಾನು ಮಾತ್ರ ಪರದೇಶದಾಕಿ.

1941ರ ಡಿಸೆಂಬರ್ 7ಕ್ಕ ಜಪಾನಿನ ವಿಮಾನ ಬಂದು ಪರ್ಲ್ ಹಾರ್ಬರಿನ ಮ್ಯಾಲೆ ಬಾಂಬು ಹಾಕಿದ್ವು. ವೈಪಾಹು ಅಲ್ಲೇ ಮಗ್ಗಲದಾಗ. ಪೋಲೀಸರು ಬಂದು ಮನಿ ಹುಡಕಿದ್ರ ಏನು ಗತಿ ಅಂತ ಹೆದರಿ ಮನಿಮನಿಯೊಳಗ ಜಪಾನಿ ಕಾಗದ, ಪುಸ್ತಕ, ಚಿತ್ರಪಟ, ಕೆಲವು ಕಡೆ ಕಿಮೋನೊನೂ ಹಿತ್ತಲದಾಗ ಸುಟ್ಟರು, ಇಲ್ಲಾ ಹುಗದ್ರು. ತವರಿನಿಂದ ಬಂದ ಕಾಗದ ಹೋದುವು. ಮೂವತ್ತು ವರ್ಷದ ಹಿಂದ ಬಂದರದಾಗ ಕೈಯಾಗ ಹಿಡದು ಗಂಡನ್ನ ಹುಡಿಕಿದ್ದ ಆ ಸುಳ್ಳು ಫೋಟೋನೂ ಎಷ್ಟೋ ಮನ್ಯಾಗ ಅದರ ಜೋಡಿ ಹೋಗಿರಬೇಕು. ನನಗ ಇದು ಓದಿದಾಗ ಯಾಕೋ ಭಾಳ ಕೆಟ್ಟ ಅನಸ್ತು. ಸುಳ್ಳಿದ್ರೂ ಆಕಿದು ಅದೊಂದ ಫೋಟೋ ಅಲ್ಲೇನು.

ಮೌಶಿನೂ ಚಾಳಿನ್ಯಾಗ ನಮ್ಮ ಕಡೆ ಹುಡುಗ್ರಿಗೆ ಡಬ್ಬಿ ಕಟ್ಟತಿದ್ಲು, ಇಪ್ಪತ್ತೆರಡು ವರ್ಷ. ಕಾಕಾನ ಪಗಾರ ಮನಿ ಬಾಡಗಿಗೆ, ಊರಿಗೆ ಸಾಲತಿತ್ತು. ಮಕ್ಕಳು ಕಲಿತದ್ದು ಡಬ್ಬಿ ರೊಕ್ಕದಾಗ. ಒಂದ ಸಲ ನಾನು ಕೇಳಿದ್ದೆ, ಕೋಟಿನ ಸುದ್ದಿ ಗೊತ್ತಾದ ಮ್ಯಾಲೆ ಕಾಕಾನ ಮ್ಯಾಲೆ ಸಿಟ್ಟು ಬರಲಿಲ್ಲೇನು ಅಂತ. "ಬಂತು ಬಿಡು, ಎಂಟು ದಿವಸ ಮಾತಾಡಿದ್ದಿಲ್ಲ. ಆಮ್ಯಾಲೆ ಅವರಿಗೆ ಒಂದು ಖರೇ ಕೋಟು ಹೊಲಿಸಿ ಕೊಟ್ಟೆ, ನನ್ನ ಡಬ್ಬಿ ರೊಕ್ಕದಾಗ," ಅಂದ್ಲು. ಆ ಕೋಟಿನ್ಯಾಗ ಕಾಕಾ ಫೋಟೋ ತಗಸ್ಕೊಳ್ಳಲೇ ಇಲ್ಲ. ಯಾಕೋ ಏನೋ.

ಸ್ಟುಡಿಯೋದ್ದ ಫೋಟೋ ಈಗ ನನ್ನ ಹತ್ರ ಅದ, ಮೂಲಿ ಸ್ವಲ್ಪ ಹುಳಾ ತಿಂದಾವು. ಶ್ರಾವಣದಾಗ ಎಲ್ಲಾರೂ ಕೂಡತೇವಲ್ಲ, ತರತೇನಿ, ನೋಡೀರಂತ. ಕಂಬದ ಬುಡಕ್ಕ ರಟ್ಟು ಮಡಚಿದ್ದು ಕಾಣಸ್ತದ.